ಪಲ್ಪರ್ ನೀರಿಗೆ ಹರಳು ಸ್ಲಡ್ಜ್: ಕೊಟ್ಟ ದುಡ್ಡಿಗೆ ಬೆಲೆಯುಂಟೆ?

ಮೂಡಿಗೆರೆ, ಸಕಲೇಶಪುರದ ಕಡೆ ಪಲ್ಪರ್ ನೀರಿಗೆಂದು (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವಾಗ, ಅಂದರೆ ಪಲ್ಪಿಂಗ್‌ನಲ್ಲಿ, ಬರುವ ಕೊಳೆನೀರು) ಯುಎಎಸ್‌ಬಿ ಟ್ಯಾಂಕ್ (ನೀರು ತಳದಿಂದ ಮೇಲೇರುವಾಗ ಸೂಕ್ಷ್ಮಜೀವಿಗಳು ಗಾಳಿಯಿಲ್ಲದೆ ಕೊಳೆಯನ್ನು ತಿನ್ನುವ ತೊಟ್ಟಿ) ಕಟ್ಟಿಸಿದವರ ಮುಂದೆ, ಅದಕ್ಕೆ ಆ ಜೀವಿಗಳನ್ನು ತುಂಬಲು ಮೂರು ದಾರಿಗಳಿವೆ: ಸಗಣಿ ಬಗ್ಗಡ, ಪೊಟ್ಟಣದ ಬ್ಯಾಕ್ಟೀರಿಯಾ ಪುಡಿ, ಇಲ್ಲವೇ ಬೇರೆ ಕಾರ್ಖಾನೆಯ ರಿಯಾಕ್ಟರ್‌ನಿಂದ ಟ್ಯಾಂಕರ್‌ನಲ್ಲಿ ತರಿಸುವ ಹರಳು ಸ್ಲಡ್ಜ್ (ಸೂಕ್ಷ್ಮಜೀವಿಗಳು ಒಟ್ಟಾಗಿ ಕಾಳುಗಟ್ಟಿದ ಕೆಸರು). ಪಲ್ಪಿಂಗ್ ನಡೆಯುವುದು ಎರಡು ಮೂರು ತಿಂಗಳು ಮಾತ್ರ. ಸಗಣಿಯಿಂದ ಹರಳು ಕಟ್ಟುವಷ್ಟರಲ್ಲಿ ಹಣ್ಣೇ ಮುಗಿದಿರುತ್ತದೆ. ಪುಡಿಯಲ್ಲಿ ಸಾಮಾನ್ಯವಾಗಿ ಇರುವುದು ಗಾಳಿಯಲ್ಲೂ ಬದುಕುವ ಬ್ಯಾಸಿಲಸ್‌ನಂಥವು. ನಮಗೆ ಬೇಕಾದ, ಮೀಥೇನ್ ಮಾಡುವ ಆರ್ಕಿಯಾಗಳು (ಬ್ಯಾಕ್ಟೀರಿಯಾದಂತೆ ಕಾಣುವ ಬೇರೆ ಗುಂಪಿನ ಸೂಕ್ಷ್ಮಜೀವಿಗಳು) ಗಾಳಿಯನ್ನು ಸಹಿಸವು, ಅಂಥ ಪುಡಿಯಲ್ಲಿ ಉಳಿಯುವುದು ಕಷ್ಟ. ಹಾಗಾಗಿ ಹರಳೇ ಸರಿ, ಆದರೆ ಪರೀಕ್ಷಿಸಿ ಖರೀದಿಸಬೇಕು.

ಒಳ್ಳೆಯ ಹರಳು ಕಪ್ಪಗೆ, ರಾಗಿಯಿಂದ ಸಾಸಿವೆ ಕಾಳಿನಷ್ಟು ಗಾತ್ರಕ್ಕಿರುತ್ತದೆ. ಒಂದು ಲೀಟರ್ ಅಳತೆ ಜಾಡಿಯಲ್ಲಿ ನೀರಿಗೆ ಕಲಸಿ ಬಿಟ್ಟರೆ ಒಂದೆರಡು ನಿಮಿಷದಲ್ಲಿ ತಳ ಸೇರಬೇಕು. ಹತ್ತು ನಿಮಿಷವಾದರೂ ನೀರು ಕಪ್ಪಾಗಿಯೇ ಇದ್ದರೆ ಅದು ಪುಡಿಯಾದ ಕೆಸರು, ಟ್ಯಾಂಕರ್ ವಾಪಸ್ ಕಳಿಸಿ. ಬೆರಳಲ್ಲಿ ಒತ್ತಿದಾಗ ಮರಳಿನಂತೆ ಗರಗರ ಎಂದರೆ ಒಳಗೆ ಸುಣ್ಣ ಕೂತಿದೆ ಎಂದರ್ಥ: ತೂಕವಿದೆ, ಜೀವ ಕಡಿಮೆ. ಒಟ್ಟು ಘನದಲ್ಲಿ ಜೈವಿಕ ಭಾಗ ಎಷ್ಟು ಎಂಬ ಲ್ಯಾಬ್ ವರದಿ ಕೇಳುವುದು ಇದಕ್ಕೇ.

ಹರಳಿನ ಬೆಲೆ ಇರುವುದು ಅದರ ಒಳಗಿನ ಒಗ್ಗಟ್ಟಿನಲ್ಲಿ. ಹೊರಪದರದವು ಸಕ್ಕರೆಯನ್ನು ಆಮ್ಲ ಮಾಡುತ್ತವೆ. ಸಿಂಟ್ರೊಫೊಬ್ಯಾಕ್ಟರ್‌ನಂಥವು ಪ್ರೊಪಿಯೋನಿಕ್ ಆಮ್ಲವನ್ನು ಅಸಿಟೇಟ್ ಮತ್ತು ಹೈಡ್ರೋಜನ್‌ಗೆ ಒಡೆಯುತ್ತವೆ. ಆ ಹೈಡ್ರೋಜನ್ನನ್ನು ಪಕ್ಕದ ಆರ್ಕಿಯಾಗಳು ಕೂಡಲೇ ತಿಂದರೆ ಮಾತ್ರ ಈ ಕೆಲಸ ಮುಂದುವರಿಯುತ್ತದೆ. ನಡುವಿನ ನೂಲಿನಂಥ ಮೀಥನೊಥ್ರಿಕ್ಸ್ ಅಸಿಟೇಟನ್ನು ಮೀಥೇನ್ ಮಾಡುತ್ತಾ ಇಡೀ ಹರಳನ್ನು ಹೆಣೆದು ಹಿಡಿಯುತ್ತದೆ. ಹರಳು ಒಡೆದರೆ ಈ ನೆರೆಹೊರೆಯೂ ಚೆದುರುತ್ತದೆ. ಅದಕ್ಕೇ ಟ್ಯಾಂಕರ್‌ನಿಂದ ಇಳಿಸುವಾಗ ಸೆಂಟ್ರಿಫ್ಯೂಗಲ್ ಪಂಪ್ ಬೇಡ, ಎತ್ತರದಿಂದ ಪೈಪಿನಲ್ಲಿ ತಾನಾಗಿ ಹರಿಯಲಿ.

10 ಘನ ಮೀಟರ್ ಟ್ಯಾಂಕಿಗೆ ಸುಮಾರು 3 ಘನ ಮೀಟರ್ ಸ್ಲಡ್ಜ್ ಸಾಕು. ಲೀಟರಿಗೆ 10 ಗ್ರಾಂ ಸಿಒಡಿ (ಕೊಳೆ ಎಷ್ಟಿದೆ ಎಂದು ಆಮ್ಲಜನಕದ ಲೆಕ್ಕದಲ್ಲಿ ಹೇಳುವ ಅಳತೆ) ಇರುವ ನೀರಾದರೆ ದಿನಕ್ಕೆ 1,000 ಲೀಟರಿನಿಂದ ಶುರು ಮಾಡಿ. ಹೊರಬರುವ ನೀರಿನಲ್ಲಿ ಆವಿಶೀಲ ಆಮ್ಲ (ಅಸಿಟಿಕ್, ಪ್ರೊಪಿಯೋನಿಕ್ ಥರದವು) ಮತ್ತು ಕ್ಷಾರತೆಯ (ಆಮ್ಲವನ್ನು ತಡೆದುಕೊಳ್ಳುವ ಶಕ್ತಿ) ಅನುಪಾತ 0.3ರ ಒಳಗಿದ್ದರಷ್ಟೇ ಪ್ರಮಾಣ ಹೆಚ್ಚಿಸಿ, 0.4 ದಾಟಿದರೆ ಊಡುವುದನ್ನು ನಿಲ್ಲಿಸಿ. ಪಿಎಚ್ ನೋಡುತ್ತಾ ಕೂತರೆ ತಡವಾಗುತ್ತದೆ, ಅದು ಬೀಳುವುದು ಎಲ್ಲ ಕೆಟ್ಟ ಮೇಲೆ.

ಹೆಚ್ಚಿನ ಕಡೆ ಕೆಡುವುದು ಸುಣ್ಣದಿಂದ. ಪಲ್ಪರ್ ನೀರು ಹುಳಿತು ಪಿಎಚ್ 4ಕ್ಕೆ ಇಳಿಯುತ್ತದೆಂದು ಮೂಟೆಗಟ್ಟಲೆ ಸುರಿದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಹರಳಿನ ಮೇಲೆ ಕವಚ ಕಟ್ಟುತ್ತದೆ. ಸುಣ್ಣ ಬೇರೆ ತೊಟ್ಟಿಯಲ್ಲೇ ಬೆರೆತು, ತಳ ಕೂತು, ತಿಳಿನೀರು ಮಾತ್ರ ಒಳಹೋಗಲಿ. ಇನ್ನೂ ಒಳ್ಳೆಯದು, ರಿಯಾಕ್ಟರ್‌ನಿಂದ ಹೊರಬಂದ ನೀರನ್ನೇ ಮತ್ತೆ ಒಳಗೆ ತಿರುಗಿಸುವುದು. ಅದರಲ್ಲಿ ಕ್ಷಾರತೆ ಇರುತ್ತದೆ, ಸುಣ್ಣದ ಖರ್ಚು ಉಳಿಯುತ್ತದೆ, ಮೇಲ್ಮುಖ ವೇಗವೂ ಗಂಟೆಗೆ ಅರ್ಧ ಮೀಟರಿನ ಹತ್ತಿರ ಬರುತ್ತದೆ. ಲೋಳೆ ಮತ್ತು ಸಿಪ್ಪೆಯನ್ನು ಮೊದಲೇ ಜರಡಿ ಹಿಡಿಯದಿದ್ದರೆ ಅದರಲ್ಲಿರುವ ಅಂಟಾದ ಪೆಕ್ಟಿನ್ ಮೇಲೆ ಕೆನೆಗಟ್ಟಿ ಹರಳನ್ನೂ ಹೊರಗೆ ಎಳೆದೊಯ್ಯುತ್ತದೆ. ಡಿಸೆಂಬರ್ ರಾತ್ರಿಯ ಚಳಿಗೆ ಗ್ಯಾಸ್ ತಗ್ಗುವುದು ಸಹಜ, ಆಗ ಊಡುವುದನ್ನೂ ತಗ್ಗಿಸಿ.

ಇದೊಂದರಿಂದಲೇ ನೀರು ಹಳ್ಳಕ್ಕೆ ಬಿಡುವ ಹಾಗಾಗುವುದಿಲ್ಲ. ಕಂದು ಬಣ್ಣ ಉಳಿಯುತ್ತದೆ, ಗಾಳಿಯಾಡಿಸುವ ತೊಟ್ಟಿ ಮುಂದೆ ಬೇಕೇ ಬೇಕು. ಹೇಮಾವತಿ, ಭದ್ರೆಗೆ ಸೇರುವ ಹಳ್ಳಗಳಲ್ಲವೇ ಇವು.

ಹರಳು ದುಬಾರಿ ಅನ್ನಿಸದಿರುವುದು ಎರಡನೇ ವರ್ಷಕ್ಕೆ. ಪಲ್ಪಿಂಗ್ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡದೆ, ನೀರು ತುಂಬಿಸಿ, ಮಳೆನೀರು ನುಗ್ಗದಂತೆ ಮುಚ್ಚಿಟ್ಟರೆ ಊಟವಿಲ್ಲದೆಯೂ ತಿಂಗಳುಗಟ್ಟಲೆ ಬದುಕಿರುತ್ತದೆ. ಮುಂದಿನ ನವೆಂಬರಿನಲ್ಲಿ ಹಿಂದಿನ ಪೂರ್ಣ ಪ್ರಮಾಣದ ಕಾಲು ಭಾಗದಿಂದ ಶುರು ಮಾಡಿ.