ಜಿಲ್ಲಾ ಆಸ್ಪತ್ರೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರ: ಇಪ್ಪತ್ತು ತಿಂಗಳು ಓಡಾಡಿದ ತಾಯಿಯ ಅನಿಸಿಕೆ

ನನ್ನ ಮಗನಿಗೆ ಈಗ ಎರಡು ವರ್ಷ ನಾಲ್ಕು ತಿಂಗಳು. ಅವನಿಗೆ ಡೌನ್ ಸಿಂಡ್ರೋಮ್ ಎಂಬ, ಹುಟ್ಟಿನಿಂದಲೇ ಇರುವ ವರ್ಣತಂತು ವ್ಯತ್ಯಾಸ ಇದೆ. ಅವನು ಎಂಟು ತಿಂಗಳ ಕೂಸಾಗಿದ್ದಾಗಿನಿಂದ ವಾರಕ್ಕೊಮ್ಮೆ, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ, ಮಲೆನಾಡಿನ ನಮ್ಮ ಊರಿನಿಂದ 42 ಕಿಲೋಮೀಟರ್ ದೂರದ ಜಿಲ್ಲಾ ಆಸ್ಪತ್ರೆಯಲ್ಲಿರುವ, ಬೆಳವಣಿಗೆಯ ತೊಂದರೆ ಇರುವ ಮಕ್ಕಳಿಗೆ ಬೇಗನೆ ಚಿಕಿತ್ಸೆ ಕೊಡುವ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಹೋಗಿಬರುತ್ತಿದ್ದೇನೆ. ಈ ಉದ್ದನೆಯ ಹೆಸರನ್ನು ಅಲ್ಲಿ ಯಾರೂ ಹೇಳುವುದಿಲ್ಲ. ಗೇಟಿನ ಬಳಿ ಅದರ ಇಂಗ್ಲಿಷ್ ಚಿಕ್ಕ ಹೆಸರಿನಲ್ಲಿ 'ಡಿಇಐಸಿ ಎಲ್ಲಿ' ಎಂದು ಕೇಳಿದರೆ ದಾರಿ ತೋರಿಸುತ್ತಾರೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅಡಿಯಲ್ಲಿ ನಡೆಯುವ ಇಂಥ ಕೇಂದ್ರದಲ್ಲಿ ಮಕ್ಕಳ ವೈದ್ಯರು, ಫಿಸಿಯೋಥೆರಪಿಸ್ಟ್, ಶ್ರವಣ ಮತ್ತು ಮಾತಿನ ತಜ್ಞರು, ಮನಶ್ಶಾಸ್ತ್ರಜ್ಞರು, ಕಣ್ಣು ಪರೀಕ್ಷಿಸುವವರು ಒಂದೇ ಕಡೆ ಸಿಗಬೇಕು. 'ಸಿಗಬೇಕು' ಎಂದು ಎಚ್ಚರದಿಂದಲೇ ಬರೆದಿದ್ದೇನೆ, ಏಕೆಂದರೆ ನಮ್ಮಲ್ಲಿ ಮಾತಿನ ತಜ್ಞರ ಹುದ್ದೆ ಏಳು ತಿಂಗಳು ಖಾಲಿ ಇತ್ತು. ಆದರೆ ಈವರೆಗೆ ಅಲ್ಲಿ ಯಾರೂ ನನ್ನಿಂದ ಒಂದು ರೂಪಾಯಿಯನ್ನೂ ಕೇಳಿಲ್ಲ.

ಇಷ್ಟು ದೂರದಿಂದ ಮತ್ತೆ ಮತ್ತೆ ಹೋಗುವುದಕ್ಕೆ ಕಾರಣ ಅಲ್ಲಿನ ಫಿಸಿಯೋಥೆರಪಿ. ಡೌನ್ ಸಿಂಡ್ರೋಮ್ ಇರುವ ಮಕ್ಕಳ ಸ್ನಾಯುಗಳು ಸಡಿಲ, ಕೀಲುಗಳೂ ಸಡಿಲ. ನನ್ನ ಮಗ ಬೋರಲು ಮಲಗಿದ್ದವನು ಕೂರಬೇಕೆನಿಸಿದಾಗ ಎರಡೂ ಕಾಲುಗಳನ್ನು ಕಪ್ಪೆಯಂತೆ ಅಗಲಕ್ಕೆ ಚಾಚಿ, ಸೊಂಟದ ಮೇಲೆ ಮೇಲೆದ್ದು ಕುಳಿತುಬಿಡುತ್ತಿದ್ದ. ನಾವೆಲ್ಲ ಚಪ್ಪಾಳೆ ತಟ್ಟುತ್ತಿದ್ದೆವು. ಅದನ್ನು ನೋಡಿದ ಥೆರಪಿಸ್ಟ್, 'ಅಮ್ಮಾ, ಇದಕ್ಕೆ ಚಪ್ಪಾಳೆ ಬೇಡ. ಸುಲಭದ ದಾರಿ ಸಿಕ್ಕಿದರೆ ಹೊಟ್ಟೆಯ ಸ್ನಾಯುವಿಗೆ ಅವನು ಕೆಲಸವನ್ನೇ ಕೊಡುವುದಿಲ್ಲ' ಎಂದರು. ಮರುವಾರ ಒಂದು ಹಳೆಯ ಚಡ್ಡಿ ತರಲು ಹೇಳಿ, ಅದರ ಎರಡು ಕಾಲುಗಳನ್ನು ಮೊಣಕಾಲಿನವರೆಗೆ ಒಟ್ಟಿಗೆ ಸೇರಿಸಿ ಹೊಲಿಯುವುದು ಹೇಗೆಂದು ಸೀಮೆಸುಣ್ಣದಲ್ಲಿ ಗೆರೆ ಎಳೆದು ತೋರಿಸಿದರು. ಆ ಚಡ್ಡಿ ಹಾಕಿದರೆ ಕಾಲು ಅಗಲಿಸಲಾಗದು. ಪಕ್ಕಕ್ಕೆ ಹೊರಳಿ, ಮೊಣಕೈ ಊರಿಯೇ ಏಳಬೇಕು. ಮೊದಲ ದಿನ ಅವನು ಅತ್ತು ಮನೆಯನ್ನೇ ತಲೆಯ ಮೇಲೆ ಹೊತ್ತ. ಆರನೆಯ ವಾರ, ಒಲೆಯ ಮುಂದೆ ಇಟ್ಟಿದ್ದ ಕೆಂಪು ಮುಚ್ಚಳದ ಡಬ್ಬಿಗಾಗಿ ಬಲಕ್ಕೆ ಹೊರಳಿ, ಅಂಗೈ ಒತ್ತಿ, ಸರಿಯಾಗಿ ಎದ್ದು ಕುಳಿತ. ನಮ್ಮ ಅತ್ತೆ ಪ್ರೀತಿಯಿಂದ ತಂದಿದ್ದ ವಾಕರನ್ನೂ ಇದೇ ಥೆರಪಿಸ್ಟ್ ಸಲಹೆಯಂತೆ ಅಟ್ಟಕ್ಕೆ ಹಾಕಿದ್ದೇವೆ. ಅವರು ತಾವೇ ಮಗುವಿಗೆ ವ್ಯಾಯಾಮ ಮಾಡಿಸಿ ಕಳಿಸುವವರಲ್ಲ. ನನ್ನ ಕೈಯನ್ನು ಹಿಡಿದು ಮಗುವಿನ ಸೊಂಟದ ಮೇಲೆ ಎಲ್ಲಿ, ಎಷ್ಟು ಒತ್ತಬೇಕೆಂದು ಕಲಿಸಿ, ನಾನು ಮಾಡಿದ್ದನ್ನು ನೋಡಿ ತಿದ್ದುವವರು. ವಾರದ ಅರ್ಧ ಗಂಟೆಯ ಚಿಕಿತ್ಸೆ ಉಳಿದ ಆರು ದಿನವೂ ಮನೆಯಲ್ಲಿ ನಡೆಯುವುದು ಹೀಗೆ.

ಶ್ರವಣ ವಿಭಾಗದ ಬಗ್ಗೆ ಅಷ್ಟು ಹೇಳಲಾರೆ. ಶಬ್ದಕ್ಕೆ ಮೆದುಳು ಸ್ಪಂದಿಸುತ್ತದೆಯೇ ಎಂದು ನೋಡುವ ಬೆರಾ ಪರೀಕ್ಷೆಗೆ ಮಗು ಮಲಗಿರಬೇಕು. ಬೆಳಗಿನ ಬಸ್ಸಿನಲ್ಲಿ ನಿದ್ದೆ ಮುಗಿಸಿ ಬಂದ ಮಗು ಹನ್ನೊಂದು ಗಂಟೆಗೆ ಮಲಗುವುದಾದರೂ ಹೇಗೆ? ಎರಡು ಬಾರಿ ಬರಿಗೈಯಲ್ಲಿ ಮರಳಿದೆವು. ಮೂರನೆಯ ಬಾರಿ ಮಧ್ಯಾಹ್ನದ ಸಮಯ ಕೇಳಿ ಪಡೆದ ಮೇಲೆಯೇ ಕಿವಿಯ ತಮಟೆಯ ಹಿಂದೆ ನೀರು ನಿಂತಿರುವುದು ಗೊತ್ತಾಯಿತು. ಈ ಮಕ್ಕಳಲ್ಲಿ ಇದು ಸಾಮಾನ್ಯ. ಗಮನಿಸದಿದ್ದರೆ ಮಾತು ಇನ್ನಷ್ಟು ತಡವಾಗುತ್ತದೆ.

ನನ್ನ ಮುಖ್ಯ ತಕರಾರು ಬೇರೆಯದು. ಈ ಕೇಂದ್ರದಲ್ಲಿ ಒಳ್ಳೆಯ ಕೈಗಳಿವೆ, ಆದರೆ ದಿನಾಂಕಗಳನ್ನು ನೆನಪಿಡುವವರಿಲ್ಲ. ಡೌನ್ ಸಿಂಡ್ರೋಮ್ ಇರುವ ಮಗುವಿಗೆ ಥೈರಾಯ್ಡ್ ಪರೀಕ್ಷೆಯನ್ನು ಹುಟ್ಟಿದಾಗ, ಆರು ತಿಂಗಳಿಗೆ, ವರ್ಷಕ್ಕೆ, ಆಮೇಲೆ ಪ್ರತಿ ವರ್ಷವೂ ಮಾಡಿಸಬೇಕು. ನಮ್ಮದು ಒಂದು ವರ್ಷದ ಸರದಿ ತಪ್ಪಿಹೋಯಿತು; ವಾರವಾರವೂ ಹೋಗುತ್ತಿದ್ದರೂ ಯಾರೂ ನೆನಪಿಸಲಿಲ್ಲ. ಹದಿಮೂರು ತಿಂಗಳಾಗುವ ಹೊತ್ತಿಗೆ ಮಗು ಮಂಕಾದ, ಚರ್ಮ ಒಣಗಿತು, ನಾಲ್ಕು ದಿನಕ್ಕೊಮ್ಮೆ ಮಲವಿಸರ್ಜನೆ. ನಮ್ಮ ತಾಲ್ಲೂಕಿನ ಖಾಸಗಿ ವೈದ್ಯರೊಬ್ಬರು ಮುಖ ನೋಡಿದವರೇ 'ಈ ಮಕ್ಕಳು ಹೀಗೇ ಇರುತ್ತಾರಮ್ಮ' ಎಂದು ಟಾನಿಕ್ ಬರೆದರು. ನನಗೆ ಸಮಾಧಾನವಾಗಲಿಲ್ಲ. ಹೃದಯದ ರಂಧ್ರ ಪತ್ತೆಯಾಗುವ ಮೊದಲು, ಹಾಲು ಕುಡಿಯುವಾಗ ಹಣೆಯಲ್ಲಿ ಬೆವರು ಸಾಲುಗಟ್ಟುತ್ತಿದ್ದುದಕ್ಕೂ ಸಿಕ್ಕ ಉತ್ತರ ಇಂಥದ್ದೇ ಆಗಿತ್ತು. ಈ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೃದಯದ ದೋಷ ಇರುತ್ತದೆ. ಆದ್ದರಿಂದ ಲಕ್ಷಣಕ್ಕೆ ಕಾಯದೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಬೇಕು ಎನ್ನುವುದು ನನಗೆ ತಿಳಿದದ್ದು ಮೂರನೆಯ ತಿಂಗಳಲ್ಲಿ. ಆರನೆಯ ತಿಂಗಳಲ್ಲಿ ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಬಾಲ ಸ್ವಾಸ್ಥ್ಯ ತಂಡದ ಪತ್ರವಿದ್ದುದರಿಂದ ಖರ್ಚು ನಮ್ಮ ಮೇಲೆ ಬೀಳಲಿಲ್ಲ.

ಕೇಂದ್ರದ ಮಕ್ಕಳ ವೈದ್ಯರಿಗೆ ಫೈಲು ತೆರೆದು ಹಿಂದಿನ ಥೈರಾಯ್ಡ್ ವರದಿಯ ದಿನಾಂಕ ತೋರಿಸಿದಾಗ ಅವರು ಒಂದು ಮಾತೂ ಆಡದೆ ರಕ್ತಪರೀಕ್ಷೆಗೆ ಚೀಟಿ ಬರೆದರು. ಟಿಎಸ್‌ಎಚ್ (ಥೈರಾಯ್ಡ್ ಕಡಿಮೆ ಕೆಲಸ ಮಾಡಿದಾಗ ಏರುವ ಹಾರ್ಮೋನು) ಹೆಚ್ಚಿತ್ತು. ಅಂದಿನಿಂದ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಸಣ್ಣ ಮಾತ್ರೆಯನ್ನು ಚಮಚದಲ್ಲಿ ಅರೆದು ಕೊಡುತ್ತಿದ್ದೇವೆ. ಮಲಬದ್ಧತೆ ಹೋಗಿದೆ, ಮಗು ಮತ್ತೆ ಬೆಕ್ಕಿನ ಬಾಲ ಹಿಡಿಯಲು ಹೊರಟಿದ್ದಾನೆ. ಅವತ್ತು ವೈದ್ಯರು ನಡೆದುಕೊಂಡ ರೀತಿಗೆ ಪೂರ್ಣ ಅಂಕ ಕೊಡುತ್ತೇನೆ. ಆದರೆ ಫೈಲು ನನ್ನದು. ಅದರ ಮೊದಲ ಪುಟದಲ್ಲಿ ಎಕೋ, ಥೈರಾಯ್ಡ್, ಕಿವಿ, ಕಣ್ಣು ಎಂದು ನಾಲ್ಕು ಸಾಲು, ಎದುರಿಗೆ ಹಿಂದಿನ ಮತ್ತು ಮುಂದಿನ ದಿನಾಂಕ. ಇಂಥ ಒಂದು ಹಾಳೆಯನ್ನು ಕೇಂದ್ರವೇ ಅಚ್ಚು ಹಾಕಿಸಿ ತಾಯಿ ಕಾರ್ಡಿನ ಜೊತೆ ಕೊಡಲು ಎಷ್ಟು ಖರ್ಚಾದೀತು?

ಕಾಗದಪತ್ರದ ವಿಷಯದಲ್ಲಿ ಮಾತ್ರ ಅಲ್ಲಿನ ಸಮಾಜ ಕಾರ್ಯಕರ್ತೆ ಚುರುಕು. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿಸಿದ್ದೂ, ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಆರೋಗ್ಯ ವಿಮೆಯಲ್ಲಿ 1 ಲಕ್ಷ ರೂಪಾಯಿವರೆಗೆ ವೆಚ್ಚ ಪಡೆಯಬಹುದೆಂದು ತಿಳಿಸಿದ್ದೂ ಅವರೇ.

ಹೊಸದಾಗಿ ಹೋಗುವವರು ಹತ್ತು ಗಂಟೆಯೊಳಗೆ ಒಪಿಡಿ ಚೀಟಿ ಮಾಡಿಸಿಕೊಳ್ಳಿ, ಹನ್ನೊಂದರ ಮೇಲೆ ಸರತಿ ಬಾಗಿಲು ದಾಟುತ್ತದೆ. ಕಾಯುವ ಜಾಗದಲ್ಲಿ ಫ್ಯಾನು ಒಂದೇ, ಹಾಲೂಡಿಸಲು ಮರೆಯಿಲ್ಲ. ಒಂದು ದುಪ್ಪಟ್ಟಾ ಹೆಚ್ಚಿಗೆ ಇರಲಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಟಿಕೆಟ್ ಇಲ್ಲ. ಆದರೆ ನಮ್ಮ ಕಡೆ ಬೆಳಿಗ್ಗೆ ಆರೂವರೆಯ ಒಂದೇ ಸರ್ಕಾರಿ ಬಸ್ಸು ತಪ್ಪಿದರೆ ಖಾಸಗಿ ಬಸ್ಸಿಗೆ ದುಡ್ಡು ತೆರಬೇಕು. ಮುಂದಿನ ಬುಧವಾರ ನಾವು ಮತ್ತೆ ಅದೇ ಬಸ್ಸಿನಲ್ಲಿರುತ್ತೇವೆ; ಫೈಲಿನ ಮೂರನೆಯ ಸಾಲಿನಲ್ಲಿ ಕಿವಿಯ ಮರುಪರೀಕ್ಷೆಯ ದಿನಾಂಕ ಅದೇ.