ನಾಲ್ಕು ಡಾಲರ್‌ನ ಬೀಜ, ಇಪ್ಪತ್ತನಾಲ್ಕು ಡಾಲರ್‌ನ ಕುಂಡ: ಹಿತ್ತಲಿನಲ್ಲಿ ಕೋನ್‌ಫ್ಲವರ್

ಷಿಕಾಗೋದ ಪಶ್ಚಿಮಕ್ಕಿರುವ ಉಪನಗರವೊಂದರಲ್ಲಿ ನಮ್ಮ ಮನೆ. ಹಿತ್ತಲಿನ ದಕ್ಷಿಣದ ಅಂಚಿನಲ್ಲಿ 12 ಅಡಿ ಉದ್ದ, 4 ಅಡಿ ಅಗಲದ ಪಾತಿಯೊಂದಿದೆ. 2021ರ ಚಳಿಗಾಲದಿಂದ ಈಚೆಗೆ ಅದರಲ್ಲಿ ಮೂರು ಬಗೆಯ ಕೋನ್‌ಫ್ಲವರ್‌ಗಳನ್ನು ಬೆಳೆಸಿ ನೋಡಿದ್ದೇನೆ. ಮೊದಲನೆಯದು ನಾಲ್ಕು ಡಾಲರ್‌ಗೂ ಕಡಿಮೆ ಬೆಲೆಯ ಪೊಟ್ಟಣದ ಬೀಜದಿಂದ ಎಬ್ಬಿಸಿದ ನೇರಳೆ ಬಣ್ಣದ ಮೂಲ ಜಾತಿ; ಎರಡನೆಯದು ಸಣ್ಣ ಕುಂಡಗಳಲ್ಲಿ ತಂದ ‘ಚೆಯೆನ್ ಸ್ಪಿರಿಟ್’ ತಳಿಯ ಮೂರು ಸಸಿಗಳು; ಮೂರನೆಯದು ಇಪ್ಪತ್ತನಾಲ್ಕು ಡಾಲರ್ ತೆತ್ತು ತಂದ, ಕಿತ್ತಳೆ ಬಣ್ಣದ ಸುತ್ತೆಸಳಿನ ಹೈಬ್ರಿಡ್ ಗಿಡ. ಬೆಲೆಗೂ ಫಲಕ್ಕೂ ಇಷ್ಟೊಂದು ಎಡವಟ್ಟಾದ ಸಂಬಂಧವನ್ನು ನಾನು ತೋಟದ ಬೇರೆ ಯಾವ ಗಿಡದಲ್ಲೂ ಕಂಡಿಲ್ಲವಾದ್ದರಿಂದ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಈ ಹೂವನ್ನು ನೋಡದವರಿಗೆ ಒಂದು ಮಾತು. ಇದು ಸೇವಂತಿಗೆ ಮತ್ತು ಸೂರ್ಯಕಾಂತಿಗಳ ಕುಟುಂಬಕ್ಕೆ ಸೇರಿದ, ಅಮೆರಿಕದ ಪೂರ್ವ ಮತ್ತು ಮಧ್ಯ ಭಾಗದ ಬಯಲುಗಳಲ್ಲಿ ತಾನಾಗಿ ಬೆಳೆಯುವ ಬಹುವಾರ್ಷಿಕ ಸಸ್ಯ. ಕದಂಬದ ಹೂವನ್ನು ಅರ್ಧಕ್ಕೆ ಕೊಯ್ದು, ಇಳಿಬಿದ್ದ ಎಸಳುಗಳ ತಟ್ಟೆಯ ಮೇಲೆ ಬೋರಲು ಇಟ್ಟರೆ ಹೇಗಿರುತ್ತದೆಯೋ ಹಾಗಿರುತ್ತದೆ. ನಡುವಿನ ಗುಬುಟನ್ನು ಮುಟ್ಟಿದರೆ ಒರಟು ಬ್ರಷ್ಷಿನಂತೆ ಚುಚ್ಚುತ್ತದೆ. ಎಕಿನೇಷಿಯ ಎಂಬ ಸಸ್ಯಶಾಸ್ತ್ರೀಯ ಹೆಸರು ಮುಳ್ಳುಮೈಯ ಪ್ರಾಣಿಯನ್ನು ಸೂಚಿಸುವ ಗ್ರೀಕ್ ಪದದಿಂದ ಬಂದಿರುವುದೂ ಈ ಕಾರಣದಿಂದಲೇ. ಇದರ ಬೇರಿನಿಂದ ನೆಗಡಿಗೆ ಕಷಾಯ ಮಾಡುತ್ತೀರಾ ಎಂದು ನಮ್ಮ ಕನ್ನಡ ಬಳಗದವರು ಕೇಳುವುದುಂಟು. ಇಲ್ಲ, ನಾನು ಬೆಳೆಸಿರುವುದು ನೋಡುವುದಕ್ಕೆ ಮತ್ತು ದುಂಬಿಗಳಿಗೆ.

ಮೊದಲು ಬೀಜದ ಪೊಟ್ಟಣದ ವಿಚಾರ. ಎಕಿನೇಷಿಯ ಪರ್ಪ್ಯೂರಿಯದ ಬೀಜಕ್ಕೆ ನಾಲ್ಕರಿಂದ ಎಂಟು ವಾರಗಳ ತೇವದ ಚಳಿ ದೊರೆತರೆ ಮೊಳಕೆ ಚೆನ್ನಾಗಿ ಬರುತ್ತದೆ. ಫ್ರಿಜ್ಜಿನಲ್ಲಿ ಒದ್ದೆ ಮರಳಿನೊಂದಿಗೆ ಇಡುವವರಿದ್ದಾರೆ. ನಾನು ಆ ಕೆಲಸವನ್ನು ಇಲಿನಾಯ್ಸ್‌ನ ಹಿಮಕ್ಕೇ ಬಿಟ್ಟೆ. ಒಂದು ಗ್ಯಾಲನ್ ಹಿಡಿಯುವ ಹಾಲಿನ ಪ್ಲಾಸ್ಟಿಕ್ ಕ್ಯಾನನ್ನು ಹಿಡಿಕೆಯ ಬಳಿ ಎರಡು ಬೆರಳಿನಷ್ಟು ಬಿಟ್ಟು ಸುತ್ತಲೂ ಕತ್ತರಿಸಿ, ತಳಕ್ಕೆ ತೂತು ಕೊರೆದು, 3 ಅಂಗುಲ ಮಣ್ಣು ತುಂಬಿ, ಬೀಜ ಉದುರಿಸಿ, ಮೇಲೆ ತೆಳ್ಳಗೆ ಮಣ್ಣೆಳೆದು, ಟೇಪು ಸುತ್ತಿ, ಮುಚ್ಚಳವಿಲ್ಲದೆ ಡಿಸೆಂಬರ್‌ನಲ್ಲಿ ಡೆಕ್ಕಿನ ಮೇಲೆ ಇಟ್ಟುಬಿಟ್ಟೆ. ಹಿಮ ಬಿದ್ದು ಕರಗಿ ಮತ್ತೆ ಬಿದ್ದು, ಏಪ್ರಿಲ್ ಕೊನೆಗೆ ಕ್ಯಾನಿನೊಳಗೆ ಇಣುಕಿದಾಗ ಮೆಂತ್ಯದ ಮೊಳಕೆಯಂತೆ ಹಸಿರು ಕಿಕ್ಕಿರಿದಿತ್ತು. ಅದರಲ್ಲಿ ಹದಿನಾಲ್ಕು ಸಸಿಗಳನ್ನು ಒಂದೂವರೆ ಅಡಿಗೊಂದರಂತೆ ಪಾತಿಗೆ ಇಳಿಸಿದೆ. ನಾಲ್ಕನ್ನು ಮೊಲಗಳು ಒಂದೇ ರಾತ್ರಿಯಲ್ಲಿ ಬುಡಮಟ್ಟ ಮೇಯ್ದವು. ಉಳಿದವಕ್ಕೆ ತಂತಿಯ ಬಲೆ ಸುತ್ತಿದ ಮೇಲೆ ತೊಂದರೆಯಾಗಲಿಲ್ಲ.

ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಬೇಕಿದ್ದ, ಆದರೆ ಆಗಿರದಿದ್ದ ಸಂಗತಿಯೊಂದಿದೆ: ಬೀಜದಿಂದ ಬಂದ ಗಿಡ ಮೊದಲ ವರ್ಷ ಸಾಮಾನ್ಯವಾಗಿ ಹೂ ಬಿಡುವುದಿಲ್ಲ. 2022ರ ಬೇಸಿಗೆಯುದ್ದಕ್ಕೂ ನನ್ನ ಪಾತಿಯಲ್ಲಿ ನೆಲಕ್ಕಂಟಿದ ಒರಟು ಎಲೆಗಳ ಗುಂಪುಗಳನ್ನು ಬಿಟ್ಟು ಬೇರೇನೂ ಇರಲಿಲ್ಲ. ಕಳೆ ಬೆಳೆಸಿದ್ದೀರಾ ಎಂದು ಮನೆಯವರು ಕೇಳಿದ್ದೂ ಆಯಿತು. ಮರುವರ್ಷ ಜುಲೈ ಮೊದಲ ವಾರ ಆ ಹತ್ತೂ ಗಿಡಗಳು ಮೂರಡಿ ಎತ್ತರಕ್ಕೆ ಎದ್ದು, ಸೆಪ್ಟೆಂಬರ್‌ವರೆಗೆ ಒಂದಾದ ಮೇಲೊಂದು ಹೂ ಕೊಟ್ಟವು. ನಮ್ಮದು ಮಳೆಗೆ ಅಂಟುವ, ಬಿಸಿಲಿಗೆ ಬಿರಿಯುವ ಜೇಡಿಮಣ್ಣು. ಗೊಬ್ಬರ ಹಾಕಿಲ್ಲ; ಬೇರೂರಿದ ಮೇಲೆ ನೀರು ಹಾಯಿಸಿದ್ದೂ ಅಪರೂಪ. ಒಂದು ಸಣ್ಣ ಕೊರತೆ ನಮ್ಮ ಕಣ್ಣಿಗೆ ಮಾತ್ರ ಕಾಣುವಂಥದ್ದು: ತೊಟ್ಟು ಕಡ್ಡಿಯಂತೆ ಬಿರುಸಾಗಿರುವುದರಿಂದ ಇದನ್ನು ಮಾಲೆ ಕಟ್ಟಲಾಗದು, ದೇವರ ಪಟಕ್ಕೆ ಮುಡಿಸಲೂ ಆಗದು. ಹೂದಾನಿಯಲ್ಲಿಟ್ಟರೆ ವಾರ ಕಳೆದರೂ ಬಾಡುವುದಿಲ್ಲ.

‘ಚೆಯೆನ್ ಸ್ಪಿರಿಟ್’ 2013ರಲ್ಲಿ ಆಲ್ ಅಮೆರಿಕ ಸೆಲೆಕ್ಷನ್ಸ್ ಪ್ರಶಸ್ತಿ ಪಡೆದ ತಳಿ. ಕೆಂಪು, ಕಿತ್ತಳೆ, ಹಳದಿ, ಕೆನೆ, ನೇರಳೆ ಹೀಗೆ ಹಲವು ಬಣ್ಣಗಳ ಮಿಶ್ರಣವಾದ್ದರಿಂದ ಯಾವ ಸಸಿ ಯಾವ ಬಣ್ಣವೆಂಬುದು ಹೂ ಬಿಟ್ಟಾಗಲೇ ಗೊತ್ತಾಗುವುದು. ನನಗೆ ಕೆಂಪು ಬೇಕಿತ್ತು. ಸಿಕ್ಕಿದ್ದು ಎರಡು ಕೆನೆ, ಒಂದು ಕಿತ್ತಳೆ. ಮೂಲ ಜಾತಿಗಿಂತ ಗಿಡ್ಡವಾಗಿ, ಒತ್ತಾಗಿ ಬೆಳೆಯುತ್ತದೆ, ಗಾಳಿಗೆ ಬೀಳುವುದಿಲ್ಲ. ಮೂರರಲ್ಲಿ ಎರಡು ಉಳಿದಿವೆ. ಪಾತಿಯ ಮುಂಭಾಗಕ್ಕೆ ಒಳ್ಳೆಯ ಆಯ್ಕೆಯೇ, ಬಣ್ಣದ ಹಟವಿಲ್ಲದಿದ್ದರೆ.

ಮೂರನೆಯ ಗಿಡದ ಬಗ್ಗೆ ನನ್ನ ದೂರಿದೆ. 2023ರ ಮೇ ತಿಂಗಳಲ್ಲಿ ನರ್ಸರಿಯೊಂದರಲ್ಲಿ ಕಂಡಾಗ ಅದು ಆಗಲೇ ಏಳೆಂಟು ಹೂ ಹೊತ್ತು, ನಡುವಿನ ಗುಬುಟೆಲ್ಲ ಎಸಳಾಗಿ ಉಬ್ಬಿ, ಚೆಂಡುಹೂವಿನಂತೆ ಮೆರೆಯುತ್ತಿತ್ತು. ಈ ಊರಿನ ಚಳಿಯನ್ನು ನಿಶ್ಚಿಂತೆಯಿಂದ ತಾಳುತ್ತದೆಂದು ಚೀಟಿಯಲ್ಲಿತ್ತು. ಮುಂದಿನ ಏಪ್ರಿಲ್‌ನಲ್ಲಿ ಬುಡ ಕೆದಕಿದರೆ ಕೊಳೆತ ಬೇರು ಕೈಗೆ ಬಂತು. ಗಿಡಕ್ಕೆ ಕೊಟ್ಟಿದ್ದ ಖಾತರಿ ಹಿಂದಿನ ಶರತ್ಕಾಲಕ್ಕೇ ಮುಗಿದಿತ್ತೆಂದು ಅಂಗಡಿಯವರು ವಿನಯದಿಂದಲೇ ಕೈತೊಳೆದುಕೊಂಡರು. ತಪ್ಪು ಪೂರ್ತಿ ಅವರದೆಂದು ಹೇಳಲಾರೆ. ಇಂತಹ ಹೈಬ್ರಿಡ್‌ಗಳನ್ನು ನೆಟ್ಟ ವರ್ಷ ಹೂದಂಟುಗಳನ್ನು ಕತ್ತರಿಸಿ, ಗಿಡದ ಶಕ್ತಿ ಬೇರಿಗೆ ಹೋಗುವಂತೆ ಮಾಡಬೇಕೆಂಬುದು ಅನುಭವಿಗಳ ಸಲಹೆ. ದುಡ್ಡು ಕೊಟ್ಟು ತಂದ ಹೂವನ್ನು ಕತ್ತರಿಸಲು ನನಗೆ ಮನಸ್ಸು ಬರಲಿಲ್ಲ. ಚಳಿಗಾಲದಲ್ಲಿ ನೀರು ನಿಲ್ಲುವ ಜೇಡಿಮಣ್ಣೂ ಅದಕ್ಕೆ ಮುಳುವಾಯಿತು. ಆದರೂ ಆ ಸಲಹೆ ಚೀಟಿಯ ಮೇಲಿರಬೇಕಿತ್ತು.

ಬದುಕಿದ್ದ ಆ ಒಂದು ಬೇಸಿಗೆಯಲ್ಲೂ ಅದು ಬರಿಯ ಅಲಂಕಾರವಾಗಿತ್ತು. ಪಕ್ಕದ ನೇರಳೆ ಹೂಗಳ ಮೇಲೆ ಬಂಬಲ್‌ಬೀಗಳು ಗುಬುಟಿನ ಸುತ್ತ ಬಳಸಿ ಬಳಸಿ ನಡೆಯುತ್ತ, ಅಂಚಿನಿಂದ ನೆತ್ತಿಯ ಕಡೆಗೆ ದಿನಕ್ಕೊಂದು ಸುತ್ತಿನಂತೆ ಅರಳುವ ಕಿರುಹೂಗಳನ್ನು ಹೀರುತ್ತಿದ್ದರೆ, ಸುತ್ತೆಸಳಿನ ಹೂವಿನತ್ತ ಒಂದೂ ಸುಳಿಯುತ್ತಿರಲಿಲ್ಲ. ಕಿರುಹೂಗಳೆಲ್ಲ ಎಸಳಾಗಿಬಿಟ್ಟರೆ ಮಕರಂದ, ಪರಾಗಗಳಾದರೂ ಎಲ್ಲಿರಬೇಕು? ಡೆಲವೇರ್ ರಾಜ್ಯದ ಮೌಂಟ್ ಕ್ಯೂಬಾ ಸೆಂಟರ್ 2018ರಿಂದ 2020ರವರೆಗೆ ಕೋನ್‌ಫ್ಲವರ್ ತಳಿಗಳನ್ನು ಸಾಲಾಗಿ ನೆಟ್ಟು ಪರೀಕ್ಷಿಸಿದಾಗಲೂ ಸುತ್ತೆಸಳಿನವು ದುಂಬಿಗಳಿಗೆ ರುಚಿಸಲಿಲ್ಲ. ಅಲ್ಲಿ ಮೊದಲ ಸ್ಥಾನ ಪಡೆದ ‘ಪಿಕಾ ಬೆಲ್ಲ’ ಒಂಟಿ ಸುತ್ತಿನ ಎಸಳಿನದು. ಹೊಸ ತಳಿಯೇ ಬೇಕೆನ್ನುವವರು ಅದನ್ನು ಹುಡುಕಬಹುದು.

ಮೂಲ ಜಾತಿಗೆ ಕಾಯಿಲೆಯೇ ಇಲ್ಲವೆಂದಲ್ಲ. 2024ರಲ್ಲಿ ಒಂದು ಗಿಡದ ಎಸಳುಗಳು ಹಸಿರಾಗಿಯೇ ಉಳಿದು, ಗುಬುಟಿನಿಂದ ಪುಟ್ಟ ಎಲೆಗಳ ಗೊಂಚಲುಗಳು ಹೊರಟವು. ಇದು ಆಸ್ಟರ್ ಯೆಲ್ಲೋಸ್ ಎಂಬ, ಜಿಗಿಹುಳುಗಳಿಂದ ಹರಡುವ ರೋಗ. ಮದ್ದಿಲ್ಲ, ಬೇರುಸಹಿತ ಕಿತ್ತು ಕಸಕ್ಕೆ ಹಾಕಬೇಕು. ಎಲೆಗಳೆಲ್ಲ ಚೆನ್ನಾಗಿದ್ದು ಗುಬುಟಿನ ತಲೆಯಲ್ಲಷ್ಟೇ ಕುಚ್ಚು ಬಂದಿದ್ದರೆ ಅದು ಕಣ್ಣಿಗೆ ಕಾಣದ ನುಸಿಯ ಕೆಲಸವಿರಬಹುದು. ಆಗ ಹೂವನ್ನು ಮಾತ್ರ ಚಿವುಟಿದರೆ ಸಾಕು. ಇವೆರಡನ್ನು ಗುರುತಿಸಲಾಗದೆ ಒಳ್ಳೆಯ ಗಿಡವನ್ನೇ ಕಿತ್ತೆಸೆದ ನೆರೆಯವರನ್ನು ಕಂಡಿದ್ದೇನೆ.

ಶರತ್ಕಾಲದಲ್ಲಿ ಒಣಗಿದ ಹೂಗಳನ್ನು ನಾನು ಕತ್ತರಿಸುವುದಿಲ್ಲ. ಗೋಲ್ಡ್‌ಫಿಂಚ್ ಹಕ್ಕಿಗಳು ದಂಟಿನ ಮೇಲೆ ತಲೆಕೆಳಗಾಗಿ ಜೋತು ಬೀಜ ಹೆಕ್ಕುತ್ತವೆ. ಅವು ಚೆಲ್ಲಿದ ಬೀಜ ತಾನೇ ಚಳಿ ಉಂಡು, ಹೈಬ್ರಿಡ್ ಸತ್ತ ಜಾಗದಲ್ಲಿ ಈಗ ಮೂರು ಸಸಿಗಳಾಗಿವೆ.

ಐದಕ್ಕೆ ಅಂಕ ಕೊಡುವುದಾದರೆ ಪೊಟ್ಟಣದ ಬೀಜಕ್ಕೆ ನಾಲ್ಕೂವರೆ, ‘ಚೆಯೆನ್ ಸ್ಪಿರಿಟ್’ಗೆ ಮೂರೂವರೆ, ಸುತ್ತೆಸಳಿನದಕ್ಕೆ ಒಂದು. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳದ ಹಿತ್ತಲಿನವರು ಮೂರರಲ್ಲಿ ಯಾವುದಕ್ಕೂ ಕೈಹಾಕಬಾರದು. ಕೊಳ್ಳುವಾಗ ಪೊಟ್ಟಣದ ಮೇಲೆ ಎಕಿನೇಷಿಯ ಪರ್ಪ್ಯೂರಿಯ ಎಂದಿದೆಯೇ ಎಂದು ನೋಡಿಕೊಳ್ಳಿ, ಏಕೆಂದರೆ ರುಡ್ಬೆಕಿಯ, ರ್‍ಯಾಟಿಬಿಡಗಳಂತಹ ಹಳದಿ ಹೂಗಳನ್ನೂ ಇಲ್ಲಿ ಕೋನ್‌ಫ್ಲವರ್ ಎಂದೇ ಮಾರುತ್ತಾರೆ.