ಚಿಕ್ಕ ಸಾಲ ಮೊದಲೋ, ಜಾಸ್ತಿ ಬಡ್ಡಿಯದು ಮೊದಲೋ? ನಮ್ಮನೆಯಲ್ಲಿ ಎರಡನ್ನೂ ಮಾಡಿ ನೋಡಿದ ಹೋಲಿಕೆ

ಮನೆಯಲ್ಲಿ ಮೂರು ನಾಲ್ಕು ಸಾಲ ಒಟ್ಟಿಗೆ ಇದ್ದಾಗ ತೀರಿಸಲು ಮುಖ್ಯವಾಗಿ ಎರಡು ದಾರಿ. ಒಂದು, ಬಾಕಿ ಕಡಿಮೆ ಇರುವ ಸಾಲವನ್ನು ಮೊದಲು ಮುಗಿಸುವುದು. ಇನ್ನೊಂದು, ಬಡ್ಡಿ ಜಾಸ್ತಿ ಇರುವುದನ್ನು ಮೊದಲು ಮುಗಿಸುವುದು. ಎರಡರಲ್ಲೂ ನಡೆಯುವ ರೀತಿ ಒಂದೇ. ಎಲ್ಲ ಸಾಲಕ್ಕೂ ಕನಿಷ್ಠ ಕಂತು ತಪ್ಪಿಸುವ ಹಾಗಿಲ್ಲ. ಮಿಕ್ಕ ದುಡ್ಡೆಲ್ಲ ಒಂದೇ ಸಾಲಕ್ಕೆ. ಅದು ಮುಗಿದರೆ ಅದರ ಕಂತೂ ಸೇರಿ ಮುಂದಿನ ಸಾಲಕ್ಕೆ.

ನಮ್ಮನೆಯವರದು ಬಡ್ಡಿಯ ಲೆಕ್ಕ. ನನ್ನದು ಪಟ್ಟಿ ಚಿಕ್ಕದಾಗಬೇಕು ಅನ್ನುವ ಹಟ. ಅತ್ತೆಯದು ಮೂರನೇ ಮಾತು: ನೆಂಟರ ಕೈಸಾಲ ಮೊದಲು ಕೊಟ್ಟುಬಿಡಿ, ಉಳಿದದ್ದು ಆಮೇಲೆ ನೋಡಿಕೊಳ್ಳಿ. ಬಡ್ಡಿಯ ಕಾಲಮ್ಮಿನಲ್ಲಿ ಆ ಸಾಲ ಸೊನ್ನೆ. ಆದರೆ ಅವರು ಎದುರಿಗೆ ಬಂದಾಗಲೆಲ್ಲ ನಮ್ಮ ಮಾತು ತಡವರಿಸುತ್ತಿತ್ತಲ್ಲ, ಅದನ್ನು ಯಾವ ಕಾಲಮ್ಮಿಗೆ ಬರೆಯೋದು? ಮೊದಲು ಅತ್ತೆ ಗೆದ್ದರು, ಆಮೇಲೆ ನಾನು, ಕೊನೆಗೆ ನಮ್ಮನೆಯವರು. ಹಾಗಾಗಿ ಮೂರರ ರುಚಿಯೂ ಗೊತ್ತು.

ಲೆಕ್ಕದಲ್ಲಿ ಎಷ್ಟು ವ್ಯತ್ಯಾಸ

ನಮ್ಮ ಅಂಕಿಗಳು ಸಿಕ್ಕಾಪಟ್ಟೆ ಅಡ್ಡಾದಿಡ್ಡಿ. ಅರ್ಥವಾಗಲಿ ಅಂತ ದುಂಡಗಿನ ಅಂಕಿಯಲ್ಲೇ ಹೇಳ್ತೀನಿ. ಕ್ರೆಡಿಟ್ ಕಾರ್ಡ್ ಬಾಕಿ 60,000, ಬಡ್ಡಿ ತಿಂಗಳಿಗೆ ಶೇ. 2. ವೈಯಕ್ತಿಕ ಸಾಲ 40,000, ತಿಂಗಳಿಗೆ ಶೇ. 1. ಒಂದು ಚಿಕ್ಕ ಸಾಲ 10,000, ತಿಂಗಳಿಗೆ ಅರ್ಧ ಶೇಕಡ. ಕನಿಷ್ಠ ಕಂತು ಕ್ರಮವಾಗಿ 3,000, 1,500 ಮತ್ತು 500 ಅಂದುಕೊಳ್ಳಿ. ಮನೆಯಿಂದ ತಿಂಗಳಿಗೆ 10,000 ಹೊರಡುತ್ತದೆ. ಅಂದರೆ ಕನಿಷ್ಠ ಕಂತುಗಳ ಮೇಲೆ 5,000 ಹೆಚ್ಚುವರಿ.

ಜಾಸ್ತಿ ಬಡ್ಡಿಯ ಕಾರ್ಡನ್ನು ಮೊದಲು ಹಿಡಿದರೆ 12ನೇ ತಿಂಗಳಿಗೆ ಮೂರೂ ಚುಕ್ತಾ. ಒಟ್ಟು ಬಡ್ಡಿ ಸುಮಾರು 9,730. ಚಿಕ್ಕದರಿಂದ ಶುರು ಮಾಡಿದರೆ 13ನೇ ತಿಂಗಳು ಬೇಕು, ಬಡ್ಡಿ ಸುಮಾರು 12,800. ಮೂರು ಸಾವಿರ ಚಿಲ್ಲರೆ ಜಾಸ್ತಿ. ಲೆಕ್ಕದ ಮಟ್ಟಿಗೆ ನಮ್ಮನೆಯವರದೇ ಸರಿ, ಅದರಲ್ಲಿ ವಾದವಿಲ್ಲ.

ಆದರೆ ಅದೇ ಲೆಕ್ಕದಲ್ಲಿ ಇನ್ನೊಂದು ಸಾಲು ನೋಡಿ. ಚಿಕ್ಕದು ಮೊದಲು ಅಂದರೆ ಎರಡನೇ ತಿಂಗಳಿಗೇ ಒಂದು ಸಾಲ ಮುಗಿಯುತ್ತದೆ. ಬಡ್ಡಿ ಮೊದಲು ಅಂದರೆ ಒಂಬತ್ತನೇ ತಿಂಗಳವರೆಗೂ ಪಟ್ಟಿಯಲ್ಲಿ ಮೂರು ಹೆಸರು ಹಾಗೇ ಕೂತಿರುತ್ತವೆ. ಕಾರ್ಡಿನ ಬಾಕಿ ಇಳಿಯುತ್ತಿದೆ ಅನ್ನೋದು ನಿಜ. ಮನೆಯ ಉಳಿದವರ ಕಣ್ಣಿಗೆ ಮಾತ್ರ ಏನೂ ಬದಲಾಗಿಲ್ಲ.

ನಮ್ಮಲ್ಲಿ ಬೀರುವಿನ ಬಾಗಿಲ ಒಳಗೆ ಒಂದು ಹಾಳೆ ಅಂಟಿಸಿದ್ದೆವು. ಯಾರಿಗೆ, ಎಷ್ಟು ಬಾಕಿ, ಬಡ್ಡಿ ಎಷ್ಟು, ಕಂತು ಎಷ್ಟು. ಅತ್ತೆ ಹೇಳಿದ ಕೈಸಾಲ ತೀರಿದ ದಿನ ಆ ಸಾಲಿನ ಮೇಲೆ ಗೆರೆ ಎಳೆಯಲು ಮಗಳಿಗೆ ಕೆಂಪು ಪೆನ್ನು ಕೊಟ್ಟೆವು. ಸ್ಕೇಲ್ ಇಟ್ಟು, ಎರಡೆರಡು ಸಲ ಎಳೆದಳು. ಆ ತಿಂಗಳು ಅವಳಾಗಿಯೇ ಒಂದು ಖರ್ಚು ಬೇಡ ಅಂದಳು. ಬಡ್ಡಿ ಉಳಿತಾಯದ ಅಂಕಿ ತೋರಿಸಿ ಇದನ್ನು ಮಾಡಿಸೋಕೆ ನಮ್ಮಿಂದ ಆಗುತ್ತಿರಲಿಲ್ಲ.

ಇದು ಬರೀ ನಮ್ಮನೆ ಕತೆಯಲ್ಲ. 2012ರಲ್ಲಿ ಅಮೆರಿಕದ ಕೆಲಾಗ್ ಸ್ಕೂಲ್ ಆಫ್ ಮ್ಯಾನೇಜ್‌ಮೆಂಟ್‌ನ ಇಬ್ಬರು ಸಂಶೋಧಕರು ಸಾವಿರಾರು ಸಾಲಗಾರರ ದಾಖಲೆ ಪರಿಶೀಲಿಸಿದ್ದರು. ಎಷ್ಟು ಮೊತ್ತ ತೀರಿತು ಅನ್ನುವುದಕ್ಕಿಂತ, ಇದ್ದ ಸಾಲದ ಖಾತೆಗಳಲ್ಲಿ ಎಷ್ಟು ಪಾಲು ಮುಚ್ಚಿದವು ಅನ್ನುವುದೇ ಯಾರು ಕೊನೆ ಮುಟ್ಟುತ್ತಾರೆ ಎಂದು ಹೆಚ್ಚು ಚೆನ್ನಾಗಿ ಹೇಳಿತು.

ಹಾಗಂತ ಪೂರ್ತಿ ಚಿಕ್ಕದು ಮೊದಲು ಅನ್ನುವ ದಾರಿಯಲ್ಲೇ ನಡೆದರೆ ಒಂದು ಕಡೆ ಕೈ ಕಚ್ಚುತ್ತದೆ. ನಮಗೆ ಅದು ಗೊತ್ತಾಗಿದ್ದು ಕಾರ್ಡ್ ಸ್ಟೇಟ್‌ಮೆಂಟ್ ಓದಿದಾಗ. 3,000 ಕಟ್ಟಿದರೆ 1,200 ಬಡ್ಡಿಗೇ ಹೋಗಿ ಅಸಲಿಗೆ ಸೇರೋದು 1,800. ಮೇಲಾಗಿ, ಹಳೇ ಬಾಕಿ ಇರುವಾಗ ಬಹುತೇಕ ಕಾರ್ಡ್‌ಗಳಲ್ಲಿ ಹೊಸ ಖರೀದಿಗೆ ಬಡ್ಡಿಯಿಲ್ಲದ ದಿನಗಳೂ ಸಿಗುವುದಿಲ್ಲ, ಉಜ್ಜಿದ ದಿನದಿಂದಲೇ ಬಡ್ಡಿ ಶುರು. ಇದನ್ನು ನೋಡಿದ ಮೇಲೆ ಎರಡನೇ ಚಿಕ್ಕ ಸಾಲ ಬಿಟ್ಟು ಕಾರ್ಡಿಗೆ ತಿರುಗಿದೆವು.

ಆ ನಡುವಿನ ದಾರಿಯ ಲೆಕ್ಕವನ್ನೂ ಆಮೇಲೆ ಹಾಕಿ ನೋಡಿದೆ. ಮೇಲಿನದೇ ಉದಾಹರಣೆ. 10,000ದ ಚಿಕ್ಕ ಸಾಲ ಒಂದನ್ನು ಮೊದಲು ಮುಗಿಸಿ, ಆಮೇಲೆ ಬಡ್ಡಿ ಜಾಸ್ತಿ ಇರುವ ಕ್ರಮದಲ್ಲಿ ಹೋದರೆ ಒಟ್ಟು ಬಡ್ಡಿ ಸುಮಾರು 10,800. ಅಂದರೆ ಅತಿ ಅಗ್ಗದ ದಾರಿಗಿಂತ ಸಾವಿರ ಚಿಲ್ಲರೆ ಜಾಸ್ತಿ ಅಷ್ಟೇ. ಎರಡನೇ ತಿಂಗಳಿಗೇ ಒಂದು ಗೆರೆ ಎಳೆಯುವ ಖುಷಿಗೆ ಅದು ದುಬಾರಿ ಅಂತ ನನಗನ್ನಿಸಲ್ಲ. ಗಂಡ ಹೆಂಡತಿ ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಲೆಕ್ಕದ ಮೇಲೆ ಪ್ರೀತಿ ಇರುವ ಮನೆಗೆ ನಾನು ಇದನ್ನೇ ಹೇಳೋದು. ಇಬ್ಬರೂ ಲೆಕ್ಕದವರಾದರೆ ನೇರ ಕಾರ್ಡಿಗೆ ಹೋಗಿ, ಸುಮ್ನೆ ಸಾವಿರ ಯಾಕೆ ಕಳಕೊಳ್ತೀರಿ?

ಒಂದು ಎಚ್ಚರಿಕೆ. ಬಡ್ಡಿಯ ಕ್ರಮದಲ್ಲಿ ಪಟ್ಟಿ ಮಾಡುವಾಗ ಕಾಗದದಲ್ಲಿ ಬರೆದ ಅಂಕಿಯನ್ನು ಹಾಗೇ ನಂಬಬೇಡಿ. ಫ್ಲಾಟ್ ದರ ಅಂತಿದ್ದರೆ, ಅಸಲು ಕರಗುತ್ತಾ ಬಂದರೂ ಬಡ್ಡಿ ಮಾತ್ರ ಮೊದಲ ದಿನದ ಮೊತ್ತದ ಮೇಲೇ ನಡೆಯುತ್ತದೆ. ಮೂರು ವರ್ಷದ ಸಾಲಕ್ಕೆ ವರ್ಷಕ್ಕೆ ಶೇ. 10ರ ಫ್ಲಾಟ್ ದರ ಅಂದರೆ, ಇಳಿಯುವ ಬಾಕಿಯ ಮೇಲಿನ ಲೆಕ್ಕದಲ್ಲಿ ಶೇ. 18ರ ಹತ್ತಿರ. ಪಟ್ಟಿಯ ತಳದಲ್ಲಿ ಪಾಪದವನ ಹಾಗೆ ಕೂತಿದ್ದ ನಮ್ಮ ಒಂದು ಕಂತಿನ ಸಾಲ ಹೀಗೆ ಎರಡನೇ ಸ್ಥಾನಕ್ಕೆ ಬಂತು.

ಎಲ್ಲ ಸೇರಿಸಿ ಒಂದೇ ಸಾಲ ಮಾಡೋದು

ಇದನ್ನು ನಾವು ಅರ್ಜಿ ತುಂಬುವವರೆಗೂ ಹೋಗಿ ಬಿಟ್ಟೆವು. ಕೇಳಲು ಚೆನ್ನಾಗಿರುತ್ತದೆ: ವರ್ಷಕ್ಕೆ ಶೇ. 24ರ (ತಿಂಗಳಿಗೆ ಶೇ. 2 ಅಂದರೆ ಅದೇ) ಸಾಲ ತೀರಿಸಲು ಶೇ. 12ರ ಸಾಲ, ಕಂತೂ ಅರ್ಧಕ್ಕಿಂತ ಕಮ್ಮಿ. ಆದರೆ ಕಂತು ಕಮ್ಮಿಯಾಗಿದ್ದು ಬಡ್ಡಿ ಇಳಿದದ್ದಕ್ಕಿಂತ ವರ್ಷ ಜಾಸ್ತಿಯಾಗಿದ್ದರಿಂದ. 60,000ಕ್ಕೆ ಶೇ. 12ರಲ್ಲಿ ಐದು ವರ್ಷ ಕಟ್ಟಿದರೆ ತಿಂಗಳ ಕಂತು 1,335ರಷ್ಟು, ಒಟ್ಟು ಬಡ್ಡಿ 20,000ಕ್ಕೂ ಮೇಲೆ. ಅದೇ 60,000ವನ್ನು ಶೇ. 24ರಲ್ಲೇ ಇಟ್ಟುಕೊಂಡು ತಿಂಗಳಿಗೆ 3,000 ಕಟ್ಟಿದರೆ 26 ತಿಂಗಳಲ್ಲಿ ಮುಗಿಯುತ್ತದೆ, ಬಡ್ಡಿ ಸುಮಾರು 17,400. ದುಬಾರಿ ಸಾಲವೇ ಅಗ್ಗವಾಯ್ತು!

ಕಡಿಮೆ ಬಡ್ಡಿಗೆ ಬದಲಾಯಿಸಿಕೊಂಡು, ಹಳೇ ಕಂತನ್ನೇ ಕಟ್ಟುತ್ತೀರಿ ಅಂದರೆ ಖಂಡಿತ ಲಾಭ. ಅವಧಿಗೆ ಮೊದಲು ಮುಗಿಸಿದರೆ ದಂಡ ಇದೆಯಾ, ಸಂಸ್ಕರಣಾ ಶುಲ್ಕ ಎಷ್ಟು ಅಂತ ಕೇಳಿಕೊಳ್ಳಿ. ನಮಗೆ ಆಗ ನಮ್ಮ ಮೇಲೇ ಅಷ್ಟು ನಂಬಿಕೆ ಇರಲಿಲ್ಲ. ಕಾರ್ಡ್ ಖಾಲಿಯಾದರೆ ಮತ್ತೆ ತುಂಬಿಸುವ ಕೈಗಳು ಮನೆಯಲ್ಲೇ ಇದ್ದವು.

ಸಾಲ ತೀರುವವರೆಗೆ ಉಳಿತಾಯ ಬೇಡವಾ?

ಇದರಲ್ಲಿ ನಾನು ಯಾರಿಗೂ ಜಗ್ಗಲ್ಲ. ಸಾಲ ಪೂರ್ತಿ ತೀರಿದ ಮೇಲೆಯೇ ಉಳಿತಾಯ ಅನ್ನುವವರ ವಾದ ನನಗೆ ಗೊತ್ತು: ಶೇ. 24 ಬಡ್ಡಿ ಕಟ್ಟುತ್ತಾ ಶೇ. 6 ಬಡ್ಡಿ ಬರುವ ಕಡೆ ದುಡ್ಡಿಡೋದು ದಡ್ಡತನ. ಕಾಗದದ ಮೇಲೆ ಹೌದು. ಮೊದಲು ನಾವೂ ಹಾಗೇ ಮಾಡಿದೆವು, ಕೈಯಲ್ಲಿ ಒಂದು ಪೈಸೆ ಇಟ್ಟುಕೊಳ್ಳದೆ ಎಲ್ಲ ಸಾಲಕ್ಕೆ. ವಾಷಿಂಗ್ ಮೆಷಿನ್ ಕೆಟ್ಟಿತು. ಅದು ಸರಿಯಾಗುವ ಹೊತ್ತಿಗೆ ಅತ್ತೆಗೆ ಹಲ್ಲು ನೋವು. ಎರಡೂ ಹೋಗಿ ಕೂತದ್ದು ಅದೇ ಕಾರ್ಡಿನ ಮೇಲೆ. ಹಾಳೆಯಲ್ಲಿ ಹಿಂದಿನ ತಿಂಗಳ ಬಾಕಿಯನ್ನು ಅಳಿಸಿ ಅದಕ್ಕಿಂತ ದೊಡ್ಡ ಅಂಕಿ ಬರೆಯುವಾಗ ಯಾರೂ ಮಾತಾಡಲಿಲ್ಲ.

ಆಮೇಲೆ ಕಂತನ್ನು ಸ್ವಲ್ಪ ತಗ್ಗಿಸಿ ಮೊದಲು ಒಂದು ಚಿಕ್ಕ ಆಪತ್ತಿನ ಗಂಟು ಕಟ್ಟಿದೆವು. ಒಂದು ತಿಂಗಳ ಮನೆ ಖರ್ಚಿನಷ್ಟು, ಅದಕ್ಕಿಂತ ಜಾಸ್ತಿ ಇಲ್ಲ. ಇದರ ಖರ್ಚನ್ನೂ ಲೆಕ್ಕ ಹಾಕಬಹುದು. 20,000 ಹಾಗೆ ಇಟ್ಟಿದ್ದೀರಿ, ಅಲ್ಲಿ ಶೇ. 6 ಬರುತ್ತದೆ, ಕಾರ್ಡಿಗೆ ಶೇ. 24 ಹೋಗುತ್ತದೆ ಅಂದುಕೊಳ್ಳಿ. ಶೇ. 18ರ ನಷ್ಟ, ವರ್ಷಕ್ಕೆ 3,600, ತಿಂಗಳಿಗೆ 300. ಕಾರ್ಡನ್ನು ಮತ್ತೆ ಮುಟ್ಟದಿರಲು ತಿಂಗಳಿಗೆ 300 ವಿಮೆ ಕಂತು ಅಂದುಕೊಂಡೆ ನಾನು. ಆರು ತಿಂಗಳ ಖರ್ಚಿನ ದೊಡ್ಡ ಗಂಟು ಕಟ್ಟಲು ಮಾತ್ರ ಈಗಲೇ ಹೊರಡಬೇಡಿ. ದುಬಾರಿ ಸಾಲ ಮುಗಿಯುವ ಮೊದಲು ಅದು ನಿಜಕ್ಕೂ ನಷ್ಟ. ಸಂಪಾದನೆ ಒಂದೇ ಸಮ ಇಲ್ಲದ ಮನೆಯಾದರೆ ಎರಡು ತಿಂಗಳದ್ದಾದರೂ ಇರಲಿ.

ಈ ಗಂಟನ್ನು ಎಲ್ಲಿಡೋದು ಅನ್ನೋದರಲ್ಲೂ ಎರಡು ಪ್ರಯೋಗ ಆಯ್ತು. ಮನೆಯಲ್ಲಿ ನಗದಾಗಿ ಇಟ್ಟಾಗ ಅದು ಆಪತ್ತಿಗಿಂತ ಅವಸರಕ್ಕೆ ಜಾಸ್ತಿ ಬಳಕೆಯಾಯ್ತು. ಬೇರೆ ಬ್ಯಾಂಕಿನಲ್ಲಿ, ಕಾರ್ಡ್ ಇಲ್ಲದ, ಫೋನಿನ ಆ್ಯಪ್‌ಗೆ ಜೋಡಿಸದ ಖಾತೆಗೆ ಹಾಕಿದ ಮೇಲೆ ನಿಂತಿತು. ತೆಗೆಯಲು ಒಂದು ದಿನ ಹಿಡಿಯುತ್ತದೆ. ಆ ಒಂದು ದಿನದಲ್ಲಿ ಅರ್ಧ ಆಪತ್ತುಗಳು ತಾವೇ ಕರಗಿ ಹೋಗ್ತವೆ, ನೋಡಿ ಬೇಕಾದ್ರೆ.

ತಿಂಗಳ ಕೊನೆಗೆ ಉಳಿಸೋದು, ಸಂಬಳದ ದಿನವೇ ತೆಗೆದಿಡೋದು

ಹೆಚ್ಚು ಹೇಳೋಕೇನಿಲ್ಲ. ಕೊನೆಗೆ ಉಳಿದದ್ದನ್ನು ಉಳಿಸೋಣ ಅಂದಷ್ಟು ಕಾಲ ಏನೂ ಉಳಿಯಲಿಲ್ಲ. ಸಂಬಳ ಬಂದ ಮರುದಿನ ತಾನಾಗಿ ಹೋಗುವಂತೆ ಬ್ಯಾಂಕಿಗೆ ಸೂಚನೆ ಕೊಟ್ಟ ಮೇಲೆ ಉಳಿಯಿತು.

ಇದರ ಜೊತೆ ಇನ್ನೊಂದು ಪದ್ಧತಿ ಸೇರಿಸಿದ್ದು ನಿಜವಾಗಿ ಕೆಲಸ ಮಾಡಿತು. ಮುಂದಿನ ಸಲ ಸಂಬಳ ಏರಿದಾಗ ಏರಿಕೆಯಲ್ಲಿ ಒಂದು ಪಾಲು ಉಳಿತಾಯಕ್ಕೆ ಅಂತ ಮೊದಲೇ ಮಾತಾಡಿಕೊಂಡುಬಿಡೋದು. ಅರ್ಥಶಾಸ್ತ್ರಜ್ಞರಾದ ರಿಚರ್ಡ್ ಥೇಲರ್ ಮತ್ತು ಶ್ಲೋಮೊ ಬೆನಾರ್ಟ್ಜಿ 2004ರಲ್ಲಿ ಪ್ರಕಟಿಸಿದ ಅಧ್ಯಯನ ಇದರದ್ದೇ. ಹೀಗೆ ಒಪ್ಪಿಕೊಂಡ ನೌಕರರ ಉಳಿತಾಯ 40 ತಿಂಗಳಲ್ಲಿ ಸಂಬಳದ ಶೇ. 3.5ರಿಂದ ಶೇ. 13.6ಕ್ಕೆ ಏರಿತ್ತು. ಕೈಗೇ ಬರದ ದುಡ್ಡನ್ನು ಬಿಟ್ಟುಕೊಡೋದು ಸುಲಭ, ಅಲ್ವಾ? ನಾವು ಸಂಬಳದ ಏರಿಕೆಗೆ ಮಾತ್ರವಲ್ಲ, ಮುಗಿದ ಕಂತುಗಳಿಗೂ ಇದೇ ಒಪ್ಪಂದ ಮಾಡಿಕೊಂಡೆವು. ಕಾರ್ಡ್ ಚುಕ್ತಾ ಆದ ತಿಂಗಳಿಂದಲೇ ಅದರ ಕಂತಿನ ಅರ್ಧ ಉಳಿತಾಯಕ್ಕೆ, ಅರ್ಧ ಮುಂದಿನ ಸಾಲಕ್ಕೆ.

ಒಂದೇ ಖಾತೆಯೋ, ಬೇರೆ ಬೇರೆಯೋ

ಇಬ್ಬರ ದುಡ್ಡೂ ಒಂದೇ ಖಾತೆಗೆ ಹಾಕಿದಾಗ ಲೆಕ್ಕ ಸಲೀಸಾಯ್ತು, ಮಾತು ಕಷ್ಟವಾಯ್ತು. ನಾನು ಏನು ಕೊಂಡರೂ ಅವರ ಫೋನಿಗೆ ಮೆಸೇಜು. ಬೇರೆ ಬೇರೆ ಇಟ್ಟಾಗ ಜಗಳವಿಲ್ಲ, ಆದರೆ ಸಾಲಕ್ಕೆ ಯಾರು ಎಷ್ಟು ಕೊಟ್ಟರು ಅನ್ನೋದೇ ತಿಳಿಯದು. ಈಗ ಮೂರು ಖಾತೆ. ಸಂಬಳದ ಪ್ರಮಾಣಕ್ಕೆ ತಕ್ಕಂತೆ ಇಬ್ಬರೂ ಒಂದು ಕೂಡುಖಾತೆಗೆ ಹಾಕ್ತೀವಿ. ಕಂತು, ಮನೆ ಖರ್ಚು, ಗಂಟು ಎಲ್ಲ ಅಲ್ಲಿಂದ. ಮಿಕ್ಕಿದ ಚೂರು ಅವರವರದ್ದು, ಅದಕ್ಕೆ ಯಾರೂ ಲೆಕ್ಕ ಕೇಳೋ ಹಾಗಿಲ್ಲ. ಸಮ ಸಮ ಹಾಕೋಣ ಅಂತ ಒಮ್ಮೆ ನೋಡಿದೆವು. ಕಡಿಮೆ ಸಂಬಳದವರ ಜೇಬು ತಿಂಗಳ ಮಧ್ಯಕ್ಕೇ ಬರಿದು. ಸಮ ಅನ್ನೋದು ಇಲ್ಲಿ ನ್ಯಾಯವಲ್ಲ.

ಈಗ ಉಳಿದಿರುವ ಜಗಳ

ಹಾಳೆಯಲ್ಲಿ ಈಗ ಮನೆ ಸಾಲ ಒಂದೇ ಇದೆ. ನಮ್ಮನೆಯವರಿಗೆ ಅದನ್ನೂ ಬೇಗ ಕಟ್ಟಿಬಿಡಬೇಕು ಅಂತ. ಅವರ ವಾದದಲ್ಲಿ ತೂಕವಿದೆ: 10 ಲಕ್ಷಕ್ಕೆ ಶೇ. 8ರಲ್ಲಿ 20 ವರ್ಷದ ಸಾಲ ಅಂದರೆ ಕಂತು ಸುಮಾರು 8,364. ಮೊದಲ ಕಂತಿನಲ್ಲಿ 6,667 ಬಡ್ಡಿಗೇ ಹೋಗುತ್ತದೆ, ಅಸಲಿಗೆ 1,700 ಕೂಡ ಬೀಳುವುದಿಲ್ಲ. ಮೊದಲ ವರ್ಷಗಳಲ್ಲಿ ಹೆಚ್ಚುವರಿಯಾಗಿ ಕಟ್ಟುವ ಒಂದೊಂದು ಕಾಸೂ ನೇರ ಅಸಲಿಗೆ. ಕಟ್ಟುವಾಗ ಕಂತು ಇಳಿಸಿ ಅನ್ನದೆ ಅವಧಿ ಇಳಿಸಿ ಅಂತ ಬರೆದುಕೊಟ್ಟರೆ ಬಡ್ಡಿ ಇನ್ನೂ ಉಳಿಯುತ್ತದೆ.

ನನ್ನ ವಾದ ಬೇರೆ. ಮನೆ ಸಾಲಕ್ಕೆ ಕಟ್ಟಿದ ದುಡ್ಡನ್ನು ಬೇಕೆಂದಾಗ ವಾಪಸ್ ಕೇಳೋಕಾಗಲ್ಲ. ಆರು ತಿಂಗಳ ಖರ್ಚು ಕೈಯಲ್ಲಿರಲಿ, ಮಗಳ ಓದಿಗೆ ಬೇರೆ ಖಾತೆ ಶುರುವಾಗಲಿ, ಆಮೇಲೆ ನಿಮ್ಮ ಅವಧಿ ಇಳಿಸಿ ಅಂತೀನಿ. ಸದ್ಯಕ್ಕೆ ಮಿಕ್ಕಿದ ದುಡ್ಡಿನಲ್ಲಿ ಎರಡು ಪಾಲು ನನ್ನ ಕಡೆ, ಒಂದು ಪಾಲು ಅವರ ಕಡೆ. ಆರು ತಿಂಗಳ ಗಂಟು ತುಂಬಿದ ಮೇಲೆ ಪಾಲು ತಿರುಗಿಸಬೇಕು ಅಂತ ಅವರು ಈಗಲೇ ಬರೆಸಿಕೊಂಡಿದ್ದಾರೆ, ಅದೂ ಕೆಂಪು ಪೆನ್ನಲ್ಲಿ.